ಔಷಧಿ ಚೀಟಿಯ ಜೊತೆಗೆ ಕೊಡಬೇಕಾದ ಇನ್ನೊಂದು ಹಾಳೆ

ಇಸ್ರೇಲಿನ ಹೈಫಾದಲ್ಲಿ ನಾನು ನೋಡಿಕೊಳ್ಳುತ್ತಿರುವ ಯಹೂದಿ ಅಜ್ಜನ ಮಂಚದ ಪಕ್ಕದ ಡ್ರಾಯರಿನಲ್ಲಿ ಯಾವಾಗಲೂ ನಾಲ್ಕೈದು ಬ್ರೆಡ್ ಚೂರುಗಳಿರುತ್ತವೆ. 2019ರಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ವಾರ, ಮನೆಯನ್ನು ಚೊಕ್ಕಟ ಮಾಡುವ ಹುರುಪಿನಲ್ಲಿ ಆ ಡ್ರಾಯರನ್ನು ಎಳೆದು, ಬೂಸ್ಟು ಹಿಡಿದಿದ್ದ ಬ್ರೆಡ್ಡನ್ನೆಲ್ಲ ಕಸದ ಚೀಲಕ್ಕೆ ಸುರಿದೆ. ಅಂದು ರಾತ್ರಿ ಅವರು ನನ್ನನ್ನು ಬೈಯಲಿಲ್ಲ, ಕೂಗಾಡಲಿಲ್ಲ. ಖಾಲಿ ಡ್ರಾಯರಿನ ಮೂಲೆಮೂಲೆಗಳಲ್ಲಿ ಬೆರಳಾಡಿಸುತ್ತ ಬೆಳಕು ಹರಿಯುವವರೆಗೂ ಕೂತಿದ್ದರು. ಮರುದಿನ ಅವರ ಮಗಳಿಗೆ ಫೋನ್ ಮಾಡಿ ಕೇಳಿದಾಗಷ್ಟೇ, ತಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಎಂಟನೆಯ ವಯಸ್ಸಿನಲ್ಲಿ, ಯಹೂದಿಗಳನ್ನು ಅಟ್ಟುತ್ತಿದ್ದ ಟ್ರಾನ್ಸ್‌ನಿಸ್ಟ್ರಿಯ ಎಂಬ ಪ್ರದೇಶಕ್ಕೆ ಗಡೀಪಾರಾದವರೆಂದೂ, ಅಜ್ಜಿ, ಅಂದರೆ ಅವರ ತಾಯಿ, ಅಲ್ಲಿ ಹಸಿವಿನಿಂದ ತೀರಿಕೊಂಡರೆಂದೂ ಆಕೆ ಹೇಳಿದರು.

ಬಂಟ್ವಾಳ, ಉಡುಪಿ, ಮಂಗಳೂರಿನ ಕಡೆಯಿಂದ ಇಸ್ರೇಲಿಗೆ ಬಂದ ಹಲವರಂತೆ ನಾನೂ ಇಲ್ಲಿ ಮುದುಕರ ಮನೆಯಲ್ಲೇ ಇದ್ದುಕೊಂಡು ಆರೈಕೆ ಮಾಡುವವನು. ಹೀಬ್ರೂ ಭಾಷೆಯಲ್ಲಿ ನಮ್ಮನ್ನು ಮೆಟಪೆಲ್ ಎನ್ನುತ್ತಾರೆ. ಕೆಲಸ ಕೊಡಿಸಿದ ಏಜೆನ್ಸಿಯವರು ನನ್ನ ಕೈಗಿತ್ತ ಹಾಳೆಯಲ್ಲಿ ಒಂಬತ್ತು ಮಾತ್ರೆಗಳ ಹೆಸರು, ಡಯಾಪರಿನ ಅಳತೆ, ಸೊಂಟದ ಶಸ್ತ್ರಚಿಕಿತ್ಸೆಯ ವಿವರ ಎಲ್ಲವೂ ಇತ್ತು. ಬ್ರೆಡ್ಡಿನ ವಿಷಯ ಇರಲಿಲ್ಲ. ಮಾತ್ರೆಯ ಪಟ್ಟಿಯನ್ನು ಎಷ್ಟು ಜಾಗರೂಕತೆಯಿಂದ ಒಪ್ಪಿಸುತ್ತಾರೋ ಅಷ್ಟೇ ಜಾಗರೂಕತೆಯಿಂದ ಆ ಮನುಷ್ಯನ ಹಿಂದಿನ ಬದುಕನ್ನೂ ಆರೈಕೆ ಮಾಡುವವನ ಕೈಗೆ ಒಪ್ಪಿಸಬೇಕು ಎಂಬುದು ನನ್ನ ಅನಿಸಿಕೆ. ಇಲ್ಲಿಯೂ, ಊರಿನಲ್ಲಿಯೂ ಇದು ಆಗುತ್ತಿಲ್ಲ; ಆದರೆ ಆಗದಿರುವ ಕಾರಣಗಳು ಬೇರೆ ಬೇರೆ.

ಹತ್ತನೆಯ ತರಗತಿಯ ಚರಿತ್ರೆಯ ಪಾಠದಲ್ಲಿ ಹಿಟ್ಲರನ ಬಗ್ಗೆ ಓದಿದ್ದಷ್ಟೇ ನನ್ನ ತಿಳಿವಳಿಕೆಯಾಗಿತ್ತು. ಯಹೂದಿಗಳ ನರಮೇಧದಿಂದ ಬದುಕುಳಿದವರೆಂದರೆ ಎಲ್ಲರೂ ಪೋಲೆಂಡಿನವರು, ಎಲ್ಲರೂ ಆಶ್ವಿಟ್ಸ್ ಶಿಬಿರದಲ್ಲಿದ್ದವರು ಎಂದೇ ಭಾವಿಸಿದ್ದೆ. ಇಲ್ಲಿ ಬಂದು ನೋಡಿದರೆ, ಗ್ರೀಸಿನ ಸಲೋನಿಕದಿಂದ ಬಂದವರ ಮನೆಮಾತು ಲಾದಿನೋ ಎಂಬ ಯಹೂದಿ ಸ್ಪ್ಯಾನಿಷ್. ಲೆನಿನ್‌ಗ್ರಾದಿನ ಮುತ್ತಿಗೆಯಲ್ಲಿ ಹಸಿವನ್ನು ಕಂಡವರು ರಷ್ಯನ್ ಮಾತಾಡುತ್ತಾರೆ. 1941ರ ಜೂನ್‌ನಲ್ಲಿ ಬಾಗ್ದಾದಿನಲ್ಲಿ ನಡೆದ ಫರ್ಹೂದ್ ಎಂಬ ಯಹೂದಿಗಳ ಹತ್ಯಾಕಾಂಡವನ್ನು ಮಕ್ಕಳಾಗಿದ್ದಾಗ ನೋಡಿದವರು ಅರಬ್ಬಿಯಲ್ಲಿ ಕನವರಿಸುತ್ತಾರೆ. ನಮ್ಮ ಅಜ್ಜ ಹುಟ್ಟಿದ್ದು ಚೆರ್ನೊವಿಟ್ಸ್ ಎಂಬ ನಗರದಲ್ಲಿ. ಅದು ಆಗ ರುಮೇನಿಯದಲ್ಲಿತ್ತು, ಈಗ ಉಕ್ರೇನಿನಲ್ಲಿದೆ. 1941ರ ಅಕ್ಟೋಬರಿನಲ್ಲಿ ಹಿಟ್ಲರನ ಪಕ್ಷ ಸೇರಿದ್ದ ರುಮೇನಿಯದ ಸರ್ವಾಧಿಕಾರಿ ಅಂತೊನೆಸ್ಕುವಿನ ಸರ್ಕಾರ ಅಲ್ಲಿನ ಯಹೂದಿಗಳನ್ನು ರೈಲಿಗೆ ತುಂಬಿ ದ್ನೀಸ್ಟರ್ ನದಿಯ ಆಚೆಗಿನ ಟ್ರಾನ್ಸ್‌ನಿಸ್ಟ್ರಿಯಕ್ಕೆ ಅಟ್ಟಿತು. ಆ ಚಳಿಗಾಲದಲ್ಲಿ ಅಲ್ಲಿ ಜನ ಸತ್ತದ್ದು ಹೆಚ್ಚಾಗಿ ಹಸಿವು, ಚಳಿ, ಹೇನಿನಿಂದ ಹರಡುವ ಟೈಫಸ್ ಜ್ವರ, ಈ ಮೂರರಿಂದ. ಯುದ್ಧದ ಬಳಿಕ ಈ ದೇಶಕ್ಕೆ ಬರಲು ಹಡಗು ಹತ್ತಿದವರಲ್ಲಿ ಅನೇಕರನ್ನು, ಆಗ ಇಲ್ಲಿ ಆಳುತ್ತಿದ್ದ ಬ್ರಿಟಿಷರು ಸೈಪ್ರಸ್ಸಿಗೆ ಒಯ್ದು ಮತ್ತೆ ಮುಳ್ಳುತಂತಿಯ ಒಳಗೇ ಇಟ್ಟರು. ಅಜ್ಜ ಅಲ್ಲಿಯೂ ಇದ್ದವರು.

2024ರ ಜನವರಿಯಲ್ಲಿ ಕ್ಲೈಮ್ಸ್ ಕಾನ್ಫರೆನ್ಸ್ ಎಂಬ ಸಂಸ್ಥೆ ಕೊಟ್ಟ ಲೆಕ್ಕದಂತೆ ನರಮೇಧದಿಂದ ಬದುಕುಳಿದ ಇಂಥ ಯಹೂದಿಗಳು ಜಗತ್ತಿನಲ್ಲಿ ಸುಮಾರು 2,45,000 ಮಂದಿ ಉಳಿದಿದ್ದರು. ಅವರಲ್ಲಿ ಅರ್ಧದಷ್ಟು ಜನ ಇಸ್ರೇಲಿನಲ್ಲಿದ್ದರು. 1952ರ ಲಕ್ಸೆಂಬರ್ಗ್ ಒಪ್ಪಂದದಲ್ಲಿ ಪಶ್ಚಿಮ ಜರ್ಮನಿಯ ಜೊತೆ ಪರಿಹಾರದ ಮಾತು ಮುಗಿಸಿದ ಈ ಸಂಸ್ಥೆ, 2004ರಿಂದ ಮನೆಯ ಆರೈಕೆಗೆಂದೇ ಜರ್ಮನ್ ಸರ್ಕಾರದಿಂದ ಹಣ ಪಡೆಯುತ್ತಿದೆ. ಇದರ ಜೊತೆಗೆ ಇಲ್ಲಿನ ರಾಷ್ಟ್ರೀಯ ವಿಮಾ ಸಂಸ್ಥೆಯು, ಕೈಲಾಗದ ಮುದುಕರ ಆರೈಕೆಗೆ 1988ರಿಂದ ಕಾನೂನಿನ ಪ್ರಕಾರವೇ ಹಣ ಕೊಡುತ್ತದೆ. ಬದುಕುಳಿದವರ ಮನಸ್ಸಿನ ಆರೈಕೆಗೆ 1987ರಲ್ಲಿ ಆರಂಭವಾದ ಅಮ್ಖಾ ಎಂಬ ಸಂಸ್ಥೆಯಿದೆ. ಮುದುಕರ ಆರೈಕೆಯನ್ನು ಮಕ್ಕಳ ಋಣವೆಂದಷ್ಟೇ ತಿಳಿದ ನಾಡಿನಿಂದ ಬಂದ ನನಗೆ ಈ ಏರ್ಪಾಡು ದೊಡ್ಡದಾಗಿ ಕಂಡಿತು, ಈಗಲೂ ಕಾಣುತ್ತದೆ. ಆದರೆ ಹಣವನ್ನು ಗಂಟೆಯ ಲೆಕ್ಕದಲ್ಲಿ ಕೊಡುತ್ತಾರೆ. ವಾರಕ್ಕೆ ಇಷ್ಟು ಗಂಟೆ ಸ್ನಾನ, ಅಡಿಗೆ, ಸಂಗಾತ ಎಂದು ಬರೆದುಕೊಳ್ಳುವ ಕಾಗದದಲ್ಲಿ ಆ ಗಂಟೆಗಳಲ್ಲಿ ಏನು ಮಾಡಬಾರದು ಎಂಬುದಕ್ಕೆ ಜಾಗವಿರುವುದಿಲ್ಲ.

ಪಟ್ಟಿಗಳು ಇಲ್ಲವೆಂದಲ್ಲ. ಇವರ ಆರೈಕೆಯನ್ನು ಅಭ್ಯಾಸ ಮಾಡಿದವರು ಬರೆದಿಟ್ಟಿದ್ದಾರೆ: ಷವರಿನ ಕೆಳಗೆ ಬಲವಂತವಾಗಿ ನಿಲ್ಲಿಸಬೇಡಿ, ಬಾಗಿಲನ್ನು ಗುದ್ದಬೇಡಿ, ಸಾಲಿನಲ್ಲಿ ನಿಲ್ಲಿಸಿ ಕಾಯಿಸಬೇಡಿ, ರಾತ್ರಿ ಮುಖಕ್ಕೆ ಟಾರ್ಚ್ ಬಿಡಬೇಡಿ, ನಾಯಿ ಬೊಗಳುವಲ್ಲಿ ಎಚ್ಚರವಿರಲಿ. ಇವೆಲ್ಲ ಉಪಯೋಗಕ್ಕೆ ಬರುವ ಮಾತುಗಳೇ. ಶಿರ್ವದ ಕಡೆಯ ನನ್ನ ಗೆಳತಿಯೊಬ್ಬಳು ನೋಡಿಕೊಳ್ಳುತ್ತಿದ್ದ ಹಂಗೇರಿಯ ಅಜ್ಜಿ, ಷವರಿನ ತಿರುಗಣೆ ಮುಟ್ಟಿದರೆ ಸಾಕು, ಒದ್ದೆ ಮೈಯಲ್ಲೇ ಹೊರಗೆ ಓಡಿಬರುತ್ತಿದ್ದರಂತೆ. ಆಶ್ವಿಟ್ಸ್‌ನಲ್ಲಿ ಸ್ನಾನದ ಮನೆ ಎಂದು ಹೇಳಿ ಜನರನ್ನು ವಿಷಾನಿಲದ ಕೋಣೆಗೆ ಕಳಿಸುತ್ತಿದ್ದರೆಂದು ತಿಳಿದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಗೆಳತಿ ಪೇಟೆಗೆ ಹೋಗಿ ಒಂದು ಬಕೆಟ್ಟು, ಒಂದು ಮಗ್ಗು ತಂದಳು. ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಬಿಸಿನೀರನ್ನು ಮೊದಲು ಅವರ ಕೈಗೆ ಮುಟ್ಟಿಸಿ, ಊರಿನಲ್ಲಿ ಬಾಣಂತಿಗೆ ಎರೆಯುವಂತೆ ನಿಧಾನವಾಗಿ ಬೆನ್ನಿಗೆ ಎರೆದಳು. ಸಂಸ್ಕೃತಿಯನ್ನು ಅರಿತ ಆರೈಕೆ ಎಂಬ ಮಾತು ಬಂದಾಗ, ಮುದುಕರ ಸಂಸ್ಕೃತಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಆರೈಕೆ ಮಾಡುವವಳು ತಂದ ಸಂಸ್ಕೃತಿಯೂ ಅಲ್ಲಿ ಕೆಲಸಕ್ಕೆ ಬರುತ್ತದೆ.

ಆದರೆ ಪಟ್ಟಿಯನ್ನು ನಂಬಿ ಕೆಟ್ಟದ್ದೂ ಉಂಟು. ಇವರೆದುರು ಜರ್ಮನ್ ಮಾತಿನ ಸದ್ದು ಬೇಡ ಎಂಬುದು ಎಲ್ಲ ಕಡೆಯೂ ಕೇಳಿಬರುವ ಬುದ್ಧಿಮಾತು. ಅದಕ್ಕೆ ತಕ್ಕಂತೆ, ಟಿವಿಯಲ್ಲಿ ಜರ್ಮನ್ ಕೇಳಿಸಿದ ಕೂಡಲೇ ನಾನು ಚಾನೆಲ್ ಬದಲಿಸುತ್ತಿದ್ದೆ. ಅಜ್ಜ ಪ್ರತಿ ಸಲವೂ ಸಿಡುಕುತ್ತಿದ್ದರು. ಚೆರ್ನೊವಿಟ್ಸ್‌ನ ಎಷ್ಟೋ ಯಹೂದಿ ಮನೆಗಳಲ್ಲಿ ಮನೆಮಾತು ಜರ್ಮನ್ನೇ ಆಗಿತ್ತು. ಅದು ಅವರ ತಾಯಿ ಆಡಿದ ಮಾತು. ಮರೆವಿನ ಕಾಯಿಲೆ ಹೆಚ್ಚಿದಂತೆ, ಎಪ್ಪತ್ತು ವರ್ಷ ಆಡಿದ ಹೀಬ್ರೂ ಒಂದೊಂದೇ ಪದವಾಗಿ ಉದುರಿಹೋಗಿ, ಅಡಿಯಲ್ಲಿದ್ದ ಜರ್ಮನ್ ಮೇಲೆ ಬಂತು. ಈಗ ರಾತ್ರಿ ಅವರು ‘ಕಾಲ್ಟ್, ಕಾಲ್ಟ್’ ಎಂದರೆ ಚಳಿಯಾಗುತ್ತಿದೆ ಎಂದು ನನಗೆ ಗೊತ್ತು. ಮೊದಲ ಆರು ತಿಂಗಳು ಗೊತ್ತಿರಲಿಲ್ಲ. ಕಾಲು ನೋಯುತ್ತಿದೆಯೇನೋ ಎಂದು ಕಾಲು ಒತ್ತುತ್ತಿದ್ದೆ.

ಬ್ರೆಡ್ಡಿನ ಸಂಗತಿ ನಿಜವಾಗಿ ಕಗ್ಗಂಟಾದದ್ದು ಪೆಸಾಹ್ ಹಬ್ಬದಲ್ಲಿ. ಆ ಏಳು ದಿನ ಯಹೂದಿಗಳ ಮನೆಯಲ್ಲಿ ಹುದುಗಿದ ಹಿಟ್ಟಿನ ಒಂದು ತುಣುಕೂ ಇರಕೂಡದು. ಹಬ್ಬಕ್ಕೆ ಮುಂಚೆ ಕಪಾಟು, ಜೇಬು, ಸೋಫಾದ ಸಂದಿ ಎಲ್ಲವನ್ನೂ ಗುಡಿಸಿ ಒರೆಸುತ್ತಾರೆ. ಉಡುಪಿಯ ಮಡಿ ಮನೆಗಳನ್ನು ಕಂಡ ನನಗೆ ಇದು ಹೊಸದೆನಿಸಲಿಲ್ಲ. ಹಾಲಿನ ಪಾತ್ರೆ, ಮಾಂಸದ ಪಾತ್ರೆಗಳನ್ನು ಬೇರೆಯಾಗಿಡುವುದನ್ನು ನಾನು ಎರಡೇ ದಿನಗಳಲ್ಲಿ ಕಲಿತಿದ್ದೆ. ಅಜ್ಜನ ಮಗಳು ಕಟ್ಟುನಿಟ್ಟಿನ ಆಚಾರದವರು. ಮೊದಲ ವರ್ಷ ಅವರು ಡ್ರಾಯರಿನ ಮುಂದೆ ಕೈಯಲ್ಲಿ ಬಟ್ಟೆ ಹಿಡಿದು ಬಹಳ ಹೊತ್ತು ನಿಂತರು. ಧರ್ಮವನ್ನು ಪಾಲಿಸಿದರೆ ತಂದೆ ಏಳು ರಾತ್ರಿ ಖಾಲಿ ಡ್ರಾಯರನ್ನು ತಡಕಬೇಕು. ಹುದುಗಿಸದ ರೊಟ್ಟಿಯಾದ ಮಾತ್ಸಾವನ್ನು ಡ್ರಾಯರಿಗೆ ಹಾಕಿ ನೋಡಿದರು. ಅಜ್ಜ ಅದನ್ನು ಮೂಸಿ, ಮುರಿದು, ವಾಪಸು ಕೊಟ್ಟರು. ಕೊನೆಗೆ ಆಕೆ ದಾರಿ ಕಂಡುಕೊಂಡದ್ದು ತಮ್ಮ ಶಾಸ್ತ್ರದ ಒಳಗೇ. ಹಬ್ಬದ ದಿನಗಳಲ್ಲಿ ಬ್ರೆಡ್ಡು ಯಹೂದಿಯ ಸ್ವತ್ತಾಗಿ ಇರಬಾರದು, ಅನ್ಯಧರ್ಮದವನ ಸ್ವತ್ತಾಗಿದ್ದರೆ ಅಡ್ಡಿಯಿಲ್ಲ. ಒಂದು ಶೆಕೆಲ್ ನಾಣ್ಯಕ್ಕೆ ಆ ಬ್ರೆಡ್ಡನ್ನು ನನಗೆ ಮಾರಿದರು; ಅದನ್ನು ನನ್ನ ಕೋಣೆಯಲ್ಲಿ ಇಟ್ಟುಕೊಳ್ಳಬೇಕೆಂದರು. ರಾತ್ರಿ ತಂದೆ ಎದ್ದಾಗ ನಾನೇನು ಮಾಡುತ್ತೇನೋ ತಾವು ಕೇಳುವುದಿಲ್ಲ ಎಂದೂ ಸೇರಿಸಿದರು. ಅಂದಿನಿಂದ ಪ್ರತಿ ವರ್ಷವೂ ನಾನು ಆ ಮನೆಯ ಬ್ರೆಡ್ಡಿನ ಯಜಮಾನ. ಯಾವ ತರಬೇತಿಯ ಪುಸ್ತಕವೂ ಇದನ್ನು ಮೊದಲೇ ಊಹಿಸಿ ಬರೆಯಲಾರದು. ಆದರೆ ಆಕೆಯ ಕುಟುಂಬ ಆ ಬ್ರೆಡ್ಡು ಏನೆಂದು ನನಗೆ ಹೇಳಿರದಿದ್ದರೆ, ಈ ಉಪಾಯಕ್ಕೆ ನಾನು ಜೊತೆಯಾಗುತ್ತಲೂ ಇರಲಿಲ್ಲ.

ಇಲ್ಲಿನ ಪದ್ಧತಿಯಲ್ಲಿ ನನಗೆ ಒಪ್ಪಿಗೆಯಾಗದ ಇನ್ನೊಂದು ಅಂಶವಿದೆ. ನಮ್ಮಂಥವರ ವೀಸಾ ಸಾಮಾನ್ಯವಾಗಿ 63 ತಿಂಗಳಿನದು. ಅದನ್ನು ದಾಟಿ ಉಳಿಯಬೇಕಾದರೆ ನಾವು ನೋಡಿಕೊಳ್ಳುತ್ತಿರುವ ಮುದುಕರ ಜೊತೆಗೇ ನಂಟು ಮುಂದುವರಿಯಬೇಕು. ನಿಯಮವನ್ನು ಬರೆದವರು ಕೆಲಸಗಾರರನ್ನು ಕಣ್ಣಮುಂದಿಟ್ಟುಕೊಂಡು ಬರೆದರು. ಒಂದೇ ರಾತ್ರಿಯಲ್ಲಿ ಮನೆಯವರೆಲ್ಲ ಕಾಣೆಯಾದದ್ದನ್ನು ನೋಡಿದ ಮನುಷ್ಯನಿಗೆ, ದಿನವೂ ಊಟ ಕೊಡುವ ಮುಖ ಬದಲಾಗುವುದೆಂದರೆ ಏನೆಂದು ಅವರು ಯೋಚಿಸಿದಂತಿಲ್ಲ. ನಾನು ಮೊದಲ ಸಲ ರಜೆಗೆಂದು ಊರಿಗೆ ಹೊರಟಾಗ, ಮೂರು ದಿನ ಮೊದಲೇ ಸೂಟ್‌ಕೇಸನ್ನು ಬಾಗಿಲ ಬಳಿ ತೆರೆದಿಟ್ಟೆ. ಅಜ್ಜ ಕೋಟು ತೊಟ್ಟು, ಬೂಟು ಹಾಕಿಕೊಂಡು ಅದರ ಪಕ್ಕದಲ್ಲಿ ಕುರ್ಚಿ ಹಾಕಿ ಕೂತುಬಿಟ್ಟರು. ಈಗ ನನ್ನ ಸೂಟ್‌ಕೇಸು ಗೆಳೆಯನ ಮನೆಯಲ್ಲಿ ತಯಾರಾಗುತ್ತದೆ. ಬದಲಿಗೆ ಬರುವವನು ಎರಡು ವಾರ ಮೊದಲೇ ಬಂದು ನನ್ನೊಡನೆ ಮಮಲಿಗ ಎಂಬ ರುಮೇನಿಯದ ಮೆಕ್ಕೆಜೋಳದ ಹಿಟ್ಟಿನ ಗಂಜಿ ಕಲಕಿ ಅಜ್ಜನಿಗೆ ಬಡಿಸಿ ಹೋಗುತ್ತಾನೆ. 2025ರ ಜೂನ್‌ನಲ್ಲಿ ಇರಾನಿನ ಕ್ಷಿಪಣಿಗಳು ಹೈಫಾದ ಮೇಲೆ ಬೀಳುತ್ತಿದ್ದಾಗಲೂ ಇಂಥದೇ ಪಾಠ: ರಕ್ಷಣಾ ಕೋಣೆಯ ಉಕ್ಕಿನ ಬಾಗಿಲನ್ನು ನಾನು ಮುಚ್ಚಿದರೆ ಅವರು ನಡುಗುತ್ತಿದ್ದರು, ಹಿಡಿಕೆಯನ್ನು ಅವರ ಕೈಗೇ ಕೊಟ್ಟ ಮೇಲೆ ತಾವೇ ಎಳೆದು ಮುಚ್ಚಿ ಕೂತರು.

ಊರಿನ ಮಾತಿಗೆ ಬರುತ್ತೇನೆ. ಬಂಟ್ವಾಳದ ಹತ್ತಿರ ನೇತ್ರಾವತಿಯ ದಂಡೆಯ ನಮ್ಮ ಮನೆಯಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಬೇರೆಯವರ ತಂದೆಯನ್ನು ನೋಡಿಕೊಂಡು ನಾನು ಗಳಿಸುವ ಸಂಬಳದಿಂದ, ಅಮ್ಮನನ್ನು ನೋಡಿಕೊಳ್ಳಲು ಗದಗದ ಕಡೆಯ ಒಬ್ಬ ಹೆಣ್ಣುಮಗಳನ್ನು ಹೋಂ ನರ್ಸ್ ಆಗಿ ಇಟ್ಟಿದ್ದೇವೆ. ಅವಳನ್ನು ಕಳಿಸಿದವರು ನನ್ನಿಂದ ಕೇಳಿಕೊಂಡದ್ದು ಅಮ್ಮನ ತೂಕ, ಸಕ್ಕರೆ ಕಾಯಿಲೆಯ ಮಟ್ಟ, ಮೆಟ್ಟಿಲು ಹತ್ತುತ್ತಾರೋ ಇಲ್ಲವೋ ಎಂಬಷ್ಟನ್ನೇ. ನಮ್ಮಲ್ಲಿ ಹೆಚ್ಚಿನದನ್ನು ಹೇಳುವ ರೂಢಿಯೇ ಇಲ್ಲ, ಏಕೆಂದರೆ ಹೇಳಬೇಕಾದ ಅಗತ್ಯವೇ ಹಿಂದೆ ಇರಲಿಲ್ಲ. ಮುದುಕರನ್ನು ನೋಡಿಕೊಳ್ಳುತ್ತಿದ್ದ ಸೊಸೆಯೋ ಮೊಮ್ಮಗಳೋ ಆ ಮನೆಯ ಕಥೆಗಳನ್ನು ಕೇಳುತ್ತಲೇ ಅಲ್ಲಿ ಬೆಳೆದವರು ಅಥವಾ ಬೆರೆತವರು. ಮನೆಗಳು ಖಾಲಿಯಾದವು, ಸಂಬಳದ ಆರೈಕೆ ಬಂತು. ಕಥೆ ಮಾತ್ರ ಹೊರದೇಶದಲ್ಲಿರುವ ನನ್ನಂಥವನ ತಲೆಯಲ್ಲೇ ಉಳಿಯಿತು.

ಕಳೆದ ಆಷಾಢದ ಒಂದು ರಾತ್ರಿ ಅವಳ ಫೋನ್ ಬಂತು. ಜೋರು ಮಳೆ. ಅಮ್ಮ ಮಲಗಲೊಲ್ಲರು, ಜಾಗದ ಕಾಗದಪತ್ರ, ಎರಡು ಸೀರೆ, ಕರಿಮಣಿ ಎಲ್ಲವನ್ನೂ ಗಂಟುಕಟ್ಟಿ ಅಟ್ಟದ ಏಣಿಯ ಹತ್ತಿರ ನಿಂತು, ತುಳುವಿನಲ್ಲಿ ‘ಬೊಳ್ಳ ಬರ್ಪುಂಡು’ ಎಂದು ಒಂದೇ ಸಮನೆ ಹೇಳುತ್ತಿದ್ದಾರೆ, ಆ ಮಾತಿನ ಅರ್ಥ ಇವಳಿಗೆ ತಿಳಿಯದು. ನೆರೆ ಬರುತ್ತಿದೆ ಎಂದು ಅದರ ಅರ್ಥವೆಂದೂ, 1974ರ ನೆರೆಯಲ್ಲಿ ಅಮ್ಮ ನನ್ನ ಅಕ್ಕನನ್ನು ಕಂಕುಳಲ್ಲಿಟ್ಟುಕೊಂಡು ರಾತ್ರಿಯಲ್ಲಿ ಮನೆ ಬಿಟ್ಟವರೆಂದೂ ನಾನು ವಿವರಿಸಿದೆ. ಈ ಅಜ್ಜನ ಪಾಡನ್ನೂ ಅಮ್ಮನ ಪಾಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ನಾನು ತೂಗುವುದಿಲ್ಲ. ಅಮ್ಮನ ಮನೆಗೆ ನುಗ್ಗಿದ್ದು ಮಳೆನೀರು, ಅಜ್ಜನ ಮನೆಯ ಬಾಗಿಲಿಗೆ ಬಂದದ್ದು ಮನುಷ್ಯರೇ ಕೂತು ಬರೆದು ಸಹಿ ಹಾಕಿದ ಆಜ್ಞೆ. ಆದರೆ ಗದಗದ ಆ ಹುಡುಗಿ ಕೇಳಿದ ಪ್ರಶ್ನೆ ಮಾತ್ರ, ಬ್ರೆಡ್ಡು ಎಸೆದ ಮರುದಿನ ನಾನು ಅಜ್ಜನ ಮಗಳನ್ನು ಕೇಳಬೇಕೆಂದಿದ್ದು ಬಾಯಿಗೆ ಬಾರದೆ ಹೋದ ಪ್ರಶ್ನೆಯೇ ಆಗಿತ್ತು: ‘ಅಣ್ಣಾರ, ಇದನ್ನ ಮೊದಲ ಯಾಕ ಹೇಳಲಿಲ್ರಿ?’

ಮರುದಿನ ಕೂತು ಎರಡು ಪುಟ ಬರೆದು ವಾಟ್ಸಾಪಿನಲ್ಲಿ ಕಳಿಸಿದೆ. ನೆರೆಯ ಸಂಗತಿ, ಅಪ್ಪ ತೀರಿಕೊಂಡ ತಿಂಗಳು, ಅಮ್ಮ ಯಾರ ಹೆಸರು ಎತ್ತಿದರೆ ಅಳುತ್ತಾರೆ ಎಂಬುದು, ಬೇಕಾಗುವ ಇಪ್ಪತ್ತು ತುಳು ಮಾತುಗಳು. ಈಗ ಜೋರು ಮಳೆ ಹಿಡಿದ ರಾತ್ರಿ ಅವಳೇ ಏಣಿ ಹತ್ತಿ ಗಂಟನ್ನು ಅಟ್ಟದ ಮೇಲಿಟ್ಟು, ಕೆಳಗಿಳಿದು ಬಂದು ಅಮ್ಮನ ಮುಂದೆ ಖಾಲಿ ಕೈ ತೋರಿಸುತ್ತಾಳಂತೆ. ಆಮೇಲೆ ಅಮ್ಮ ಮಲಗುತ್ತಾರೆ.