ಸ್ಪಷ್ಟನೆ: ಟೋಲ್ಕಿನ್ ಹಾಗೆ ಹೇಳಿಲ್ಲ

‘ದಿ ಲಾರ್ಡ್ ಆಫ್ ದಿ ರಿಂಗ್ಸ್ ಬೈಬಲ್‌ನ ಅನ್ಯೋಕ್ತಿ, ಗ್ಯಾಂಡಾಲ್ಫನೇ ಕ್ರಿಸ್ತ ಎಂದು ಟೋಲ್ಕಿನ್ ಅವರೇ ಒಪ್ಪಿದ್ದರು’ ಎಂಬ ಸಂದೇಶ ಹರಿದಾಡುತ್ತಿದೆ. (‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಇಂಗ್ಲಿಷ್ ಲೇಖಕ ಟೋಲ್ಕಿನ್ ಬರೆದ ಕಾದಂಬರಿ; ಗ್ಯಾಂಡಾಲ್ಫ ಅದರಲ್ಲಿನ ಮಾಂತ್ರಿಕ. ಒಂದು ಕಥೆ ಹೇಳುತ್ತಾ ಅದರ ಪಾತ್ರ, ಘಟನೆಗಳ ಮೂಲಕ ಬೇರೊಂದನ್ನು ಸೂಚಿಸುವುದೇ ಅನ್ಯೋಕ್ತಿ.) ಇದು ತಪ್ಪು. ಅನ್ಯೋಕ್ತಿ ಯಾವ ರೂಪದಲ್ಲಿದ್ದರೂ ತಮಗೆ ಹಿಡಿಸದು ಎಂದು ಕಾದಂಬರಿಯ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಅವರು ನೇರವಾಗಿ ಬರೆದಿದ್ದಾರೆ.

ಹಾಗೆಂದು ಕೃತಿಗೂ ಕ್ರೈಸ್ತ ಧರ್ಮಕ್ಕೂ ನಂಟೇ ಇಲ್ಲ ಎನ್ನುವಂತಿಲ್ಲ. 1953ರ ಡಿಸೆಂಬರ್‌ನಲ್ಲಿ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಂಘಕ್ಕೆ ಸೇರಿದ ಮಿತ್ರರೊಬ್ಬರಿಗೆ ಬರೆದ ಪತ್ರದಲ್ಲಿ, ಇದು ಮೂಲತಃ ಧಾರ್ಮಿಕ, ಕ್ಯಾಥೊಲಿಕ್ ಕೃತಿ ಎಂದಿದ್ದಾರೆ. ಕಥೆಯ ಕೇಂದ್ರವಾದ ದುಷ್ಟಶಕ್ತಿಯ ಉಂಗುರ ನಾಶವಾಗುವ ದಿನವನ್ನೇ ನೋಡಿ: ಮಾರ್ಚ್ 25, ದೇವದೂತನು ಮೇರಿಗೆ ಶುಭವಾರ್ತೆ ತಿಳಿಸಿದ್ದನ್ನು ನೆನೆಯುವ ಹಬ್ಬ. ನಂಬಿಕೆ ಹೀಗೆ ಕಥೆಯೊಳಗೆ ಕರಗಿದೆ. ಪಾತ್ರಕ್ಕೊಂದು ಬೈಬಲ್ ಹೆಸರು ಅಂಟಿಸಿದರೆ ಆ ಸೊಬಗೇ ಕಾಣದೆ ಹೋಗುತ್ತದೆ.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.