ರೆಕ್ಕೆಯ ಮೇಲಿನ ಹೆಸರು

ಕಳೆದ ಬೆಳೆಹಬ್ಬಕ್ಕೆ ಕಾಸರಗೋಡಿನ ಕುಂಬಳೆಯಿಂದ ಊರಿಗೆ, ಅಂದರೆ ಉಡುಪಿ ಕಡೆಯ ನಮ್ಮ ಕ್ರೈಸ್ತ ಸಭೆಗೆ, ಹೋಗಿದ್ದೆ. ತೀರಿಕೊಂಡ ಅಮ್ಮನ ನೆನಪಿಗೆಂದು 5,000 ರೂಪಾಯಿ ಕಾಣಿಕೆಯನ್ನು ಮೊದಲೇ ಕಳುಹಿಸಿಯೂ ಇದ್ದೆ. ಆರಾಧನೆ ಮುಗಿದು, ಕಾಣಿಕೆಯಾಗಿ ಬಂದ ಬೆಳೆಗಳ ಏಲಂ ಶುರುವಾಗುವ ಮುನ್ನ ಕಾಣಿಕೆ ಕೊಟ್ಟವರ ಪಟ್ಟಿಯನ್ನು ಮೈಕಿನಲ್ಲಿ ಓದಿದರು. 100 ರೂಪಾಯಿ ಕೊಟ್ಟವರ ಹೆಸರು ಬಂತು, ಎರಡು ತೆಂಗಿನಕಾಯಿ ತಂದವರ ಹೆಸರು ಬಂತು, ಅಮ್ಮನ ಹೆಸರು ಬರಲೇ ಇಲ್ಲ. ಪಕ್ಕದಲ್ಲಿದ್ದ ಭಾವ ಕಿವಿಯ ಬಳಿ ಬಾಗಿ, “ನೀನು ಕಳುಹಿಸಿದ್ದೆಯಲ್ಲ ಮಾರಾಯ?” ಎಂದು ಕೇಳಿದಾಗ ನನಗಾದ ಕಸಿವಿಸಿಯನ್ನು ಬರೆಯುವುದಕ್ಕೆ ಈಗ ನಾಚಿಕೆಯಾಗುತ್ತದೆ, ಏಕೆಂದರೆ ಅಂದಿನ ಪ್ರಸಂಗಕ್ಕೆ ಆರಿಸಿಕೊಂಡದ್ದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದ ಮೊದಲ ನಾಲ್ಕು ವಚನಗಳನ್ನೇ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಆ ಮಾತನ್ನು ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ಬಹಳ ಚೆನ್ನಾಗಿ ವಿವರಿಸಿದ್ದರು. ತುತೂರಿ ಊದಿಸಿ ದಾನ ಮಾಡುವವರು ತಮ್ಮ ಫಲವನ್ನು ಆಗಲೇ ಪಡೆದಾಯಿತು ಎಂದು ಯೇಸು ಹೇಳುವಲ್ಲಿ ಗ್ರೀಕ್ ಮೂಲದಲ್ಲಿರುವ ‘ಅಪೆಖೊ’ ಎಂಬ ಕ್ರಿಯಾಪದವು ಆ ಕಾಲದ ರಸೀದಿಗಳಲ್ಲಿ ಬರೆಯುತ್ತಿದ್ದ ಪದವೇ ಆಗಿದ್ದು, ಹಣ ಪೂರ್ತಿ ಸಂದಿದೆ, ಇನ್ನು ಬಾಕಿಯಿಲ್ಲ ಎಂಬುದು ಅದರ ಅರ್ಥವಂತೆ. ಮೈಕಿನಲ್ಲಿ ಹೆಸರು ಕೇಳಿಸಿಕೊಂಡವನಿಗೆ ಪರಲೋಕದಲ್ಲಿ ಮತ್ತೆ ಲೆಕ್ಕ ಕೇಳುವ ಹಕ್ಕಿಲ್ಲ. ಇದನ್ನು ಕೇಳಿ ತಲೆದೂಗಿದ ನಾವೆಲ್ಲರೂ ಅರ್ಧ ಗಂಟೆಯೊಳಗೆ ಆ ಪಟ್ಟಿಗೆ ಕಿವಿಗೊಟ್ಟು ಕುಳಿತಿದ್ದೆವು. ನಮ್ಮ ತಲೆಯ ಮೇಲೆ ಫ್ಯಾನುಗಳು ತಿರುಗುತ್ತಿದ್ದವು, ಅವುಗಳ ಒಂದೊಂದು ರೆಕ್ಕೆಯ ಮೇಲೂ ಕೊಟ್ಟವರ ಹೆಸರು ಕೆಂಪು ಬಣ್ಣದಲ್ಲಿತ್ತು. ಮೂರನೆಯ ಫ್ಯಾನು ಅಪ್ಪನದು. ತಿರುಗುವಾಗ ಹೆಸರು ಕಾಣುವುದಿಲ್ಲವಾದ್ದರಿಂದ, ಚಿಕ್ಕವನಿದ್ದಾಗ ಆರಾಧನೆಯ ನಡುವೆ ಕರೆಂಟು ಹೋಗಲಿ ಎಂದು ನಾನು ಪ್ರಾರ್ಥಿಸಿದ್ದುಂಟು.

ಇಲ್ಲಿ, ಕುಂಬಳೆಯಲ್ಲಿ, ಕನ್ನಡ ಮಾಷ್ಟ್ರಾಗಿ ಬಂದವನು ನಿವೃತ್ತಿಯ ನಂತರವೂ ಉಳಿದುಕೊಂಡೆ. ಅಮ್ಮನನ್ನು ಇಲ್ಲಿಗೇ ಕರೆದುಕೊಂಡು ಬಂದಿದ್ದೆ. ಅವಳು ಹಾಸಿಗೆ ಹಿಡಿದ ಮೂರನೆಯ ವಾರಕ್ಕೆ ಬೆನ್ನಿನ ಕೆಳಗೆ ಹುಣ್ಣು ಕಾಣಿಸಿಕೊಂಡಿತು. ಪಂಚಾಯತಿನ ಪಾಲಿಯೇಟಿವ್, ಅಂದರೆ ಉಪಶಮನ ಆರೈಕೆಯ, ನರ್ಸ್ ಬಂದು ನೋಡಿ, ಡ್ರೆಸಿಂಗ್ ಮಾಡಿ, ಏರ್ ಬೆಡ್ ಬೇಕು ಎಂದು ಹೇಳಿ ಹೋದರು. ಅದೆಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ ಎಂದು ಮಂಗಳೂರಿನ ಅಂಗಡಿಗಳಿಗೆ ನಾನು ಫೋನು ಮಾಡುತ್ತಿರುವಾಗಲೇ, ಆ ಸಂಜೆ ಒಬ್ಬ ಆಟೋದ ಹುಡುಗ ಸುರುಳಿ ಸುತ್ತಿದ ಹಾಸಿಗೆಯನ್ನು ಹೆಗಲ ಮೇಲೆ ಹೊತ್ತು ನಮ್ಮ ಹದಿನಾಲ್ಕು ಮೆಟ್ಟಿಲು ಹತ್ತಿ ಬಂದ. ಬಾಡಿಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಮಾಸಿದ ಹಾಸಿಗೆ ಅದು. ತಲೆಯ ಕಡೆ ಒಂದು ಉಬ್ಬಿಗೆ ಸೈಕಲ್ ಟ್ಯೂಬಿನ ತೇಪೆ ಹಾಕಿದ್ದರು, ಗುಂಯ್‌ಗುಡುವ ಪುಟ್ಟ ಮೋಟಾರಿನ ಬೆನ್ನಿಗೆ ಕಪ್ಪು ಮಾರ್ಕರಿನಲ್ಲಿ 17 ಎಂದು ಬರೆದಿತ್ತು. ತಿರುಗಿಸಿ ಮುರುಗಿಸಿ ನೋಡಿದೆ, ಹೆಸರು ಎಲ್ಲಿಯೂ ಇರಲಿಲ್ಲ.

ಮುಂದಿನ ಸಲ ನರ್ಸ್ ಬಂದಾಗ ಇದನ್ನು ಕೊಟ್ಟವರು ಯಾರು ಎಂದು ಕೇಳಿದೆ.

“ಅದು ನಮಗೂ ಗೊತ್ತಿಲ್ಲ ಮಾಷೆ. ನಿಮ್ಮದು ಆರನೆಯ ಮನೆ.”

ಕೇರಳ ಸರಕಾರ ಉಪಶಮನ ಆರೈಕೆಗೆ ಒಂದು ನೀತಿಯನ್ನೇ ರೂಪಿಸಿದ್ದು 2008ರಲ್ಲಿ. ಹಾಸಿಗೆ ಹಿಡಿದವರ ಮನೆ ಬಾಗಿಲಿಗೆ ಪಂಚಾಯತು ಹೋಗುವ ಕ್ರಮ ಇಲ್ಲಿ ಬೇರೂರಿದ್ದು ಆಮೇಲೆಯೇ. ಆದರೆ ಅದಕ್ಕೂ ಮೊದಲೇ ಊರವರು, ತಮ್ಮಷ್ಟಕ್ಕೆ, ವಾರಕ್ಕೆ ಒಂದೆರಡು ಗಂಟೆ ಬಿಡುವು ಮಾಡಿಕೊಂಡು ರೋಗಿಗಳ ಮನೆಗೆ ಹೋಗುತ್ತಿದ್ದರು. ಗೇರು ತೋಟಗಳ ಮೇಲೆ 2000ನೆಯ ಇಸವಿಯವರೆಗೂ ವರ್ಷವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಸಿಕೊಂಡ ಈ ಜಿಲ್ಲೆಗೆ, ಎದ್ದು ಕೂರಲಾಗದ ಮಗುವಿರುವ ಮನೆ ಹೇಗಿರುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರೋಗದಲ್ಲಿದ್ದೆನು, ನೋಡಲು ಬಂದಿರಿ ಎಂಬ ಮತ್ತಾಯ 25ರ ಮಾತನ್ನು ನಾನು ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಒಪ್ಪಿಸಿ ಬಹುಮಾನ ಪಡೆದವನು. ಆ ಆಟೋದ ಹುಡುಗ ಅದನ್ನು ಓದಿರುವ ಸಂಭವ ಕಡಿಮೆ.

ಚಹಾದಂಗಡಿಯ ಗಲ್ಲೆಯ ಮೇಲಿರುವ ಪಾಲಿಯೇಟಿವ್ ಡಬ್ಬಿಯನ್ನು ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ಕೂಲಿಯವರು ಉಳಿದ ಚಿಲ್ಲರೆಯನ್ನು ಮಾತು ನಿಲ್ಲಿಸದೆಯೇ ಅದರೊಳಗೆ ಹಾಕಿ ಹೋಗುತ್ತಾರೆ. ಯೆರೂಸಲೇಮಿನ ದೇವಾಲಯದಲ್ಲಿ ಕಾಣಿಕೆಗೆಂದು ತುತೂರಿಯ ಆಕಾರದ 13 ಪೆಟ್ಟಿಗೆಗಳಿದ್ದವೆಂದು ಯೆಹೂದ್ಯರ ಹಳೆಯ ಧರ್ಮಗ್ರಂಥ ಮಿಷ್ನಾ ಹೇಳುತ್ತದೆ. ದೊಡ್ಡ ಹಣ ಬಿದ್ದರೆ ದೊಡ್ಡ ಸದ್ದು ಆಗುತ್ತಿದ್ದಿರಬೇಕು. ಎಲ್ಲರಿಗಿಂತ ಹೆಚ್ಚು ಹಾಕಿದಳೆಂದು ಯೇಸು ಮೆಚ್ಚಿದ ಬಡ ವಿಧವೆ ಅಲ್ಲಿ ಹಾಕಿದ ಎರಡು ಕಾಸು ಅಂದಿನ ಒಂದು ದಿನದ ಕೂಲಿಯ 64ರಲ್ಲಿ ಒಂದು ಪಾಲು. ನಮ್ಮ ತೋಟಕ್ಕೆ ಬರುವ ಆಳಿನ 950 ರೂಪಾಯಿಗೆ ಲೆಕ್ಕ ಹಾಕಿದರೆ 15 ರೂಪಾಯಿಯೂ ಆಗುವುದಿಲ್ಲ, ಒಂದು ಚಹಾದ ದುಡ್ಡು. ಅವಳ ಕಥೆಯನ್ನು ಸುವಾರ್ತೆಯಲ್ಲಿ ಹೇಳಿದ ಮಾರ್ಕನೂ ಅವಳ ಹೆಸರು ಬರೆಯಲಿಲ್ಲ, ಲೂಕನೂ ಬರೆಯಲಿಲ್ಲ. ನಮ್ಮ ಸಭೆಯಲ್ಲಾಗಿದ್ದರೆ ಕನಿಷ್ಠ ಟ್ಯೂಬ್‌ಲೈಟಿನ ಪಟ್ಟಿಯ ಮೇಲಾದರೂ ಬರೆಸುತ್ತಿದ್ದೆವು. ಸುವಾರ್ತೆಯನ್ನು ಇಂಪಾಗಿ ಹಾಡುವುದು ನಮ್ಮೂರಿಗೆ ಗೊತ್ತು, ಅದರಂತೆ ನಡೆಯುವುದು ಈ ಊರಿಗೆ ಗೊತ್ತು ಎಂದು ಭಾವನ ಮುಖಕ್ಕೇ ಹೇಳಿ ಅವತ್ತು ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ್ದೆ.

ಭಾವ ಫೋನಿನಲ್ಲಿ ಬಿಡಲಿಲ್ಲ. ನಿಮ್ಮ ಕಾಸರಗೋಡಿನ ಬಸ್ ನಿಲ್ದಾಣಗಳ ಮೇಲೆ ಶಾಸಕರ ಹೆಸರು ಊರಿನ ಹೆಸರಿಗಿಂತ ದೊಡ್ಡದಾಗಿದೆಯಲ್ಲ ಎಂದ. ಇದೆ, ಒಪ್ಪಿದೆ. ಆಮೇಲೆ, ನೀನು ಎದ್ದು ಹೋದ ಮೇಲೆ ಏನಾಯಿತು ಗೊತ್ತೇ ಎಂದು ಕೇಳಿದ. ಗಂಡನಿಲ್ಲದ, ಬೀಡಿ ಕಟ್ಟಿ ಬದುಕುವ ಒಬ್ಬ ಹೆಂಗಸು ತಂದಿದ್ದ ಮುಳ್ಳುಸೌತೆಯನ್ನು ಏಲಂನಲ್ಲಿ ಕೊಂಡವರು ಕೊಂಡವರೇ ಮರಳಿ ಏಲಂಗೆ ಇಟ್ಟು, ಅದು ಮೂರು ಸಲ ಮಾರಾಟವಾಗಿ 1,200 ರೂಪಾಯಿ ಆಯಿತಂತೆ. ಪ್ರತಿಸಲವೂ ಮೈಕಿನಲ್ಲಿ ಅವಳ ಹೆಸರು ಹೇಳಿದರಂತೆ. ವರ್ಷದಲ್ಲಿ ಬೇರೆ ಯಾವ ದಿನವೂ ಆ ಹೆಸರನ್ನು ಪೂರ್ತಿಯಾಗಿ ಯಾರೂ ಉಚ್ಚರಿಸುವುದಿಲ್ಲ ಎಂದು ಅವನು ಹೇಳಿದ ಮೇಲೆ ನನಗೆ ಕೂಡಲೇ ಮಾತು ಹೊರಡಲಿಲ್ಲ. ಇನ್ನೊಂದನ್ನು ಅವನು ಹೇಳಲಿಲ್ಲ, ನನಗೇ ಹೊಳೆಯಿತು: ನಮ್ಮ ಸಭೆಗೆ ತಳಪಾಯ ಹಾಕಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿಗೆ 19ನೆಯ ಶತಮಾನದ ನಡುವಿನಿಂದ ಹಣ ಕೂಡಿಬಂದ ದಾರಿಗಳಲ್ಲಿ ಒಂದು, ಸಾಮಾನ್ಯರು ವಾರವಾರ ಕೊಡುತ್ತಿದ್ದ ಅರ್ಧ ಬಾಟ್ಸೆನ್ ಎಂಬ ಚಿಲ್ಲರೆ ನಾಣ್ಯ. ಆ ಫ್ಯಾನುಗಳು ತೂಗಾಡುವ ಮಾಡಿನ ಮೇಲೆ ಅವರಲ್ಲಿ ಒಬ್ಬರ ಹೆಸರೂ ಇಲ್ಲ.

ಹಾಸಿಗೆಯನ್ನು ಅಮ್ಮ ತೀರಿಕೊಂಡ ಹತ್ತನೆಯ ದಿನವೇ ತೊಳೆದು ಒಣಗಿಸಿ ಹಿಂದಿರುಗಿಸಿದ್ದೆ. ಈಗ ಏಳನೆಯದೋ ಎಂಟನೆಯದೋ ಮನೆಯಲ್ಲಿರಬಹುದು. ಮೊನ್ನೆ ಊರಿನಿಂದ ಸಭೆಯ ಕಾರ್ಯದರ್ಶಿ ಫೋನು ಮಾಡಿ, ಪಟ್ಟಿಯಲ್ಲಿ ಹೆಸರು ಬಿಟ್ಟುಹೋದದ್ದಕ್ಕೆ ಎರಡೆರಡು ಸಲ ಕ್ಷಮೆ ಕೇಳಿದರು. ಹಳೆಯ ಫ್ಯಾನುಗಳನ್ನು ಬದಲಾಯಿಸುತ್ತಿದ್ದೇವೆ, ಅಮ್ಮನ ಕಾಣಿಕೆಯಲ್ಲಿ ಒಂದು ಹೊಸತು ಬರುತ್ತದೆ, ಹೆಸರು ಬರೆಸುವುದೇ ಎಂದು ಕೇಳಿದರು. ಬೇಡ ಎಂದು ಹೇಳಬೇಕೆಂದು ಬಾಯಿ ತೆರೆದವನು, ಅಮ್ಮನ ಹೆಸರಿನ ಎರಡನೆಯ ಅಕ್ಷರಕ್ಕೆ ದೀರ್ಘವಿದೆ, ಪೇಂಟರಿನವನಿಗೆ ಸರಿಯಾಗಿ ಬರೆದುಕೊಡಿ ಎಂದೆ.