ಸಾಸಿಗೆ ಸರ್ಕಾರದ ಮುದ್ರೆ ಬೇಕೆ?

ಇಂಡೋನೇಷ್ಯಾದ ಮಲುಕು ದ್ವೀಪಗಳಲ್ಲಿ ಕಡಲಂಚಿನಲ್ಲಿ ಒಂದು ಗಳ ನೆಟ್ಟು, ಅದಕ್ಕೆ ಎಳೆ ತೆಂಗಿನ ಗರಿ ಕಟ್ಟಿದ್ದರೆ ಅಲ್ಲಿ ‘ಸಾಸಿ’ ಬಿದ್ದಿದೆ ಎಂದರ್ಥ. ಅದನ್ನು ಬಿಚ್ಚುವವರೆಗೆ ಆ ನೀರಿನ ಮೀನನ್ನು, ಚಿಪ್ಪನ್ನು ಯಾರೂ ಮುಟ್ಟುವಂತಿಲ್ಲ. ತೆಂಗಿನ ತೋಟಕ್ಕೆ ಸಾಸಿ ಹಾಕಿದರೆ ತೋಟದ ಒಡೆಯನೂ ಕಾಯಿ ಕೀಳುವಂತಿಲ್ಲ. ಇದನ್ನು ನೋಡಿಕೊಳ್ಳುವವರು ‘ಕೆವಾಂಗ್’ ಎಂಬ ಊರ ಕಾವಲುಗಾರರು. ಊರಿಗೆ ಅಲ್ಲಿ ‘ನೆಗೆರಿ’ ಎನ್ನುತ್ತಾರೆ, ನಮಗೆ ಗೊತ್ತಿರುವ ‘ನಗರಿ’ಯೇ ಅದು. ಊರ ಮುಖ್ಯಸ್ಥನಿಗೆ ರಾಜ ಎಂದೇ ಹೆಸರು. ಈ ಕಟ್ಟುಪಾಡನ್ನು ಸರ್ಕಾರದ ಲಿಖಿತ ನಿಯಮದೊಳಗೆ ತರಬೇಕೆ, ಊರಿನ ಬಾಯಿಮಾತಿಗೇ ಬಿಡಬೇಕೆ?

ಪರ: ಹೊರಗಿನವನಿಗೆ ಊರಿನ ಮಾತು ಕೇಳಿಸದು

ಸರ್ಕಾರ ಕೈಹಾಕದಿದ್ದರೆ ಸಾಸಿ ತಾನಾಗಿಯೇ ಉಳಿಯುತ್ತದೆ ಎನ್ನುವವರು 1979ನ್ನು ಮರೆತಿದ್ದಾರೆ. ಆ ವರ್ಷದ 5ನೇ ಕಾನೂನು ಜಾವಾದ ಹಳ್ಳಿಯ ಮಾದರಿಯನ್ನು ಇಡೀ ದೇಶಕ್ಕೆ ಹೊದಿಸಿತು. ನೆಗೆರಿ ಹೋಗಿ ‘ದೇಸ’ ಬಂತು. ನಮ್ಮ ‘ದೇಶ’ ಅಲ್ಲಿಗೆ ಹೋಗಿ ಹಳ್ಳಿಯಾಗಿದೆ. ರಾಜನ ಜಾಗಕ್ಕೆ ದೇಸದ ಮುಖ್ಯಸ್ಥ ಬಂದ. ‘ಸನಿರಿ’ ಎಂಬ ಹಿರಿಯರ ಸಭೆ ಕಾನೂನಿನ ಕಣ್ಣಿಗೆ ಕಾಣದೇ ಹೋಯಿತು. ಸಾಸಿಯನ್ನು ಯಾರೂ ನಿಷೇಧಿಸಲಿಲ್ಲ, ನಿಷೇಧಿಸುವ ಅಗತ್ಯವೂ ಬೀಳಲಿಲ್ಲ. ಸಾಸಿ ಹಾಕುವವರ ಕೈಯಿಂದ ಅಧಿಕಾರ ಜಾರಿತು, ಎಷ್ಟೋ ಊರುಗಳಲ್ಲಿ ಅದರ ಹಿಂದೆಯೇ ಸಾಸಿಯೂ ಜಾರಿತು. ಬರೆದಿಡದ ಹಕ್ಕನ್ನು ಕಿತ್ತುಕೊಳ್ಳುವುದು ಎಷ್ಟು ಸುಲಭ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಆದರೂ ಉಳಿಸಿಕೊಂಡ ಊರುಗಳಿವೆ. ಅಂಬೊನ್ ದ್ವೀಪದ ಪೂರ್ವಕ್ಕಿರುವ ಹರುಕು ಅಂಥದ್ದು. ಅಲ್ಲಿ ಲೊಂಪ ಎಂಬ, ಬೂತಾಯಿಯಂಥ ಪುಟ್ಟ ಮೀನು ಹಗಲೆಲ್ಲ ಲೆಯಾರಿಸಾ ಕಯೇಲಿ ಎಂಬ ಹೊಳೆಯಲ್ಲಿ ಹಿಂಡುಗಟ್ಟಿ ನಿಂತಿರುತ್ತದೆ. ರಾತ್ರಿ ಕಡಲಿಗೆ ಇಳಿಯುತ್ತದೆ, ಬೆಳಗಿನ ಜಾವ ಮತ್ತೆ ಹೊಳೆಗೆ ಬರುತ್ತದೆ. ಮನಸ್ಸು ಮಾಡಿದರೆ ಕೆಲವೇ ದಿನಗಳಲ್ಲಿ ಬರಿದು ಮಾಡಬಹುದಾದ ಸಂಪತ್ತು ಅದು, ಬಲೆ ಬೀಸುವ ದೂರದಲ್ಲೇ ಇದೆ. ಮರಿ ಕಾಣಿಸಿದಂದಿನಿಂದ ಮೀನು ಬಲಿಯುವವರೆಗೆ ತಿಂಗಳುಗಟ್ಟಲೆ ಊರು ಕಾಯುತ್ತದೆ. ಸಾಸಿ ತೆರೆಯುವ ದಿನ ನಸುಕಿಗೆ ಮೊದಲೇ ‘ತಿಫಾ’ ಡೋಲು ಮೊಳಗುತ್ತದೆ, ಮಕ್ಕಳು ಮುದುಕರೆನ್ನದೆ ಎಲ್ಲರೂ ಬಲೆ ಹಿಡಿದು ಹೊಳೆಗಿಳಿಯುತ್ತಾರೆ. ಹೊಳೆಗಿಳಿಯಲಾಗದ ವಿಧವೆಯರಿಗೆ, ಅನಾಥ ಮಕ್ಕಳಿಗೆ ಪಾಲು ಎತ್ತಿಡುತ್ತಾರೆ. 1985ರಲ್ಲಿ ಇಂಡೋನೇಷ್ಯಾ ಸರ್ಕಾರ ಪರಿಸರ ರಕ್ಷಣೆಗೆಂದು ಕೊಡುವ ‘ಕಲ್ಪತರು’ ಪ್ರಶಸ್ತಿಯನ್ನು ಹರುಕುವಿನ ಕೆವಾಂಗ್‌ಗೆ ಕೊಟ್ಟಿತು. ಆ ಕೆವಾಂಗ್‌ನ ನೆಲೆಯನ್ನೇ ಅಳಿಸಿದ್ದ 1979ರ ಕಾನೂನು ಆಗಲೂ ಜಾರಿಯಲ್ಲಿತ್ತು. ಸನ್ಮಾನ ಸಿಕ್ಕಿತು, ಅಧಿಕಾರ ಸಿಗಲಿಲ್ಲ. ಇದು ನನ್ನನ್ನು ಬಹಳ ಕಾಡುವ ಸಂಗತಿ.

ಊರಿನವನನ್ನು ತಡೆಯಲು ಕೆವಾಂಗ್ ಸಾಕು. ಎದುರು ಮನೆಯವನ ಮುಖ ನೋಡಿ ಬಾಳಬೇಕಾದವನು ಗರಿ ಕಟ್ಟಿದ ಗಳವನ್ನು ದಾಟುವುದಿಲ್ಲ. ಆದರೆ ಬೇರೆ ದ್ವೀಪದಿಂದ ರಾತ್ರಿ ಬಂದು, ಸಿಡಿಮದ್ದು ಎಸೆದು, ತೇಲಿದ ಮೀನು ಬಾಚಿಕೊಂಡು ಹೋಗುವವನಿಗೆ ಹರುಕುವಿನ ಹಿರಿಯರ ಹಂಗೇನು? ಮುಚ್ಚಿದ ನೀರಿನಲ್ಲಿ ಅವನು ಬರಿ ಬಲೆಯನ್ನೇ ಬೀಸಿದನೆಂದುಕೊಳ್ಳಿ. ಹಿಡಿದು ಒಪ್ಪಿಸಿದರೆ ಠಾಣೆಯಲ್ಲಿ ಮೊದಲು ಕೇಳುವುದು ಯಾವ ಕಲಮು ಎಂದು. ಗರಿ ತೋರಿಸಿದರೆ ಮೊಕದ್ದಮೆ ಆಗುವುದಿಲ್ಲ.

ಇನ್ನೂ ದೊಡ್ಡ ಕೈಗಳಿವೆ. 2007ರ ಕರಾವಳಿ ಕಾನೂನು ಸಮುದ್ರದ ನೀರಿನ ಮೇಲೆ 20 ವರ್ಷಗಳ ಹಕ್ಕನ್ನು ಕಂಪನಿಗಳಿಗೂ ಕೊಡಲು ದಾರಿ ಮಾಡಿತ್ತು. 2011ರಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಮೀನುಗಾರರ ಪರ ವಾದಿಸಿದವರಿಗೆ ಹಿಡಿದುಕೊಳ್ಳಲು ಒಂದು ಬರಹವಿತ್ತು: ಸಾಂಪ್ರದಾಯಿಕ ಸಮುದಾಯಗಳನ್ನೂ ಅವುಗಳ ಹಕ್ಕುಗಳನ್ನೂ ಗೌರವಿಸುವುದಾಗಿ ಹೇಳುವ, 2000ದಲ್ಲಿ ಸೇರಿಸಿದ ಸಂವಿಧಾನದ ಮಾತು. ಅದೇ ಬಲ ಊರೂರಿನ ಸಾಸಿಗೂ ಸಿಗಬೇಕು.

ಬರೆದಿಟ್ಟರೆ ಸಂಪ್ರದಾಯ ಒಣಗುತ್ತದೆ ಎಂಬ ಹೆದರಿಕೆಯಿದೆ. ಸುಮಾತ್ರಾದ ತುದಿಯ ಅಚೆಯನ್ನು ನೋಡಿ. ‘ಪಂಗ್ಲಿಮಾ ಲಾಓತ್’ ಎಂಬ ಕಡಲಿನ ಮುಖಂಡನ ಪದವಿ ಅಲ್ಲಿ ಸುಲ್ತಾನರ ಕಾಲದ್ದು. ಶುಕ್ರವಾರ ಮೀನಿಗೆ ಹೋಗಬಾರದು, ದೋಣಿಗಳ ಜಗಳ ಅವನ ಮುಂದೆಯೇ ತೀರಬೇಕು. 2004ರ ಸುನಾಮಿಯ ನೆನಪಿಗೆ ಡಿಸೆಂಬರ್ 26 ಕೂಡ ಕಡಲಿಗಿಳಿಯದ ದಿನಗಳ ಸಾಲಿಗೆ ಸೇರಿದೆ. 2008ರಲ್ಲಿ ಅಚೆಯ ಪ್ರಾಂತೀಯ ಕಾನೂನು ಈ ಪದವಿಯನ್ನು ಹೆಸರಿಸಿ ಮಾನ್ಯ ಮಾಡಿತು. ಆ ಕಟ್ಟಳೆಗಳೇನೂ ಒಣಗಲಿಲ್ಲ. ಮಧ್ಯ ಮಲುಕು ಜಿಲ್ಲೆಯೂ 2006ರ 1ನೇ ಜಿಲ್ಲಾ ನಿಯಮದಲ್ಲಿ ನೆಗೆರಿಗಳನ್ನು ಮತ್ತೆ ಒಪ್ಪಿಕೊಂಡಿದೆ. ಅರ್ಧ ದಾರಿ ಬಂದಾಗಿದೆ. ಇನ್ನು ಒಂದೊಂದು ನೆಗೆರಿಯ ಸಾಸಿಯ ಗಡಿ, ಕಾಲ, ದಂಡ ಎಲ್ಲವೂ ಸರ್ಕಾರಿ ಕಡತದಲ್ಲಿ ಕೂರಲಿ.

ವಿರೋಧ: ಸಾಕ್ಷಿ ಊರಿನದು

ಸಾಸಿ ಎಂಬ ಮಾತು ‘ಸಾಕ್ಷಿ’ಯಿಂದ ಬಂದಿದೆ ಎನ್ನುವವರಿದ್ದಾರೆ. ಪದದ ಹುಟ್ಟು ಏನೇ ಇರಲಿ, ಸಾಸಿ ನಡೆಯುವುದಂತೂ ಸಾಕ್ಷಿಯ ಬಲದ ಮೇಲೆ. ಕ್ರೈಸ್ತರ ಊರುಗಳಲ್ಲಿ ಸಾಸಿಯನ್ನು ಚರ್ಚಿನ ಪ್ರಾರ್ಥನೆಯಲ್ಲಿ ಸಾರುತ್ತಾರೆ, ಮುಸ್ಲಿಮರ ಊರುಗಳಲ್ಲಿ ಮಸೀದಿ ಅದಕ್ಕೆ ನಿಲ್ಲುತ್ತದೆ. ಯಾರೂ ನೋಡದ ರಾತ್ರಿಯಲ್ಲೂ ಮರದ ಕಾಯಿ ಮರದಲ್ಲೇ ಉಳಿಯುವುದು ದೇವರು ನೋಡುತ್ತಾನೆ, ಪಕ್ಕದವರು ನಂಬಿದ್ದಾರೆ ಎಂಬ ಅಳುಕಿನಿಂದ. ಇಷ್ಟು ರೂಪಾಯಿ ದಂಡ ಎಂದು ಬರೆದ ಕ್ಷಣದಲ್ಲಿ ಕಳ್ಳತನಕ್ಕೂ ಒಂದು ಬೆಲೆ ಕಟ್ಟಿದಂತಾಗುತ್ತದೆ. ದುಡ್ಡಿದ್ದವನು ಕಟ್ಟಿ ಹೋಗುತ್ತಾನೆ.

ಮಲುಕುವಿನ ಜನರ ಬದುಕಿಗೆ ಮೇಲಿನಿಂದ ನಿಯಮ ಬಂದಾಗಲೆಲ್ಲ ಏನಾಗಿದೆ? 17ನೇ ಶತಮಾನದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಲವಂಗವನ್ನು ಅಂಬೊನ್ ಮತ್ತು ಅದರ ನೆರೆಯ ಕೆಲವೇ ದ್ವೀಪಗಳಿಗೆ ಕಟ್ಟಿಹಾಕಿ, ಬೇರೆಡೆಯ ಮರಗಳನ್ನು ದೋಣಿ ಪಡೆ ಕಳಿಸಿ ಕಡಿಸಿತು. ಅದು ಪರದೇಶಿಗಳ ಕಾಲ ಎನ್ನೋಣ. 1990ರ ದಶಕದಲ್ಲಿ ಸ್ವಂತ ಸರ್ಕಾರವೇ ಲವಂಗದ ಖರೀದಿಯನ್ನು ಅಧ್ಯಕ್ಷರ ಮಗನ ನೇತೃತ್ವದ ಒಂದೇ ಸಂಸ್ಥೆಯ ಕೈಗೆ ಕೊಟ್ಟಿತು. 1998ರ ಆರ್ಥಿಕ ಕುಸಿತ ಬರುವವರೆಗೂ ಬೆಳೆಗಾರ ಅದನ್ನು ಸಹಿಸಬೇಕಾಯಿತು. ಎರಡೂ ಬರೆದಿಟ್ಟ ನಿಯಮಗಳೇ.

ಇನ್ನು ‘ಲೋಲ’ದ ಕತೆ. ಬುಗುರಿಯಂಥ ದೊಡ್ಡ ಸಮುದ್ರ ಚಿಪ್ಪು ಅದು, ಒಳಗೆ ಮುತ್ತಿನ ಹೊಳಪು, ಅಂಗಿಯ ಗುಂಡಿ ಮಾಡಲು ಬೇಡಿಕೆ. ಕೇಯ್ ದ್ವೀಪಗಳಲ್ಲೂ ಸಪಾರುವಾದಲ್ಲೂ ಊರವರು ಲೋಲಕ್ಕೆ ಸಾಸಿ ಹಾಕಿ ದೀರ್ಘಕಾಲ ಮುಚ್ಚಿಡುತ್ತಿದ್ದರು, ಮರಿಗಳನ್ನು ಬಿಟ್ಟು ದೊಡ್ಡದನ್ನಷ್ಟೇ ಕೆಲವು ದಿನ ಎತ್ತುತ್ತಿದ್ದರು. 1987ರಲ್ಲಿ ಜಕಾರ್ತಾ ಲೋಲವನ್ನು ರಕ್ಷಿತ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಅದು ತೆರೆಯುವ ದಿನವೇ ಇಲ್ಲದ ಸಾಸಿ. ತಿಂಗಳುಗಟ್ಟಲೆ ಕಾದು, ಅಳತೆ ನೋಡಿ ಆಯ್ದ ಊರೂ, ರಾತ್ರಿ ಬಂದು ದೋಚಿದ ಕಳ್ಳನೂ ಕಾನೂನಿನ ಮುಂದೆ ಒಂದೇ ಸಾಲಿನಲ್ಲಿ ನಿಂತರು. ಕಾಯುವುದಕ್ಕೆ ಕಾರಣವನ್ನೇ ಕಿತ್ತುಕೊಂಡ ಮೇಲೆ ಯಾರು ಕಾಯುತ್ತಾರೆ?

ಸಿಡಿಮದ್ದಿನ ಮಾತು ಬಂತು. ಮದ್ದು ಸಿಡಿಸಿ, ವಿಷ ಹಾಕಿ ಮೀನು ಹಿಡಿಯುವುದು 2004ರ ಮೀನುಗಾರಿಕೆ ಕಾನೂನಿನಲ್ಲೇ ಶಿಕ್ಷಾರ್ಹ. ಕಲಮು ಇದೆ. ಕೊರತೆಯಿರುವುದು ದೋಣಿ, ಡೀಸೆಲ್, ಕರೆದರೆ ರಾತ್ರಿ ಎದ್ದು ಬರುವ ಸಿಬ್ಬಂದಿ. ಇರುವ ಕಾನೂನನ್ನೇ ನಡೆಸದ ಕಚೇರಿಗೆ ಇನ್ನೊಂದು ಕಡತ ಕೊಟ್ಟು ಏನು ಸಾಧಿಸುತ್ತೇವೆ? ಮುಚ್ಚಿದ ನೀರಿನಲ್ಲಿ ಬಲೆ ಬೀಸುವ ಹೊರಗಿನವನ ಪ್ರಶ್ನೆ ಗಟ್ಟಿಯಾದದ್ದು, ಅದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ಬೇಕಾದ್ದು ಒಂದು ಸಾಲು: ಈ ನೀರಿನಲ್ಲಿ ಈ ನೆಗೆರಿಯ ಮಾತು ನಡೆಯುತ್ತದೆ. ಅಚೆಯಲ್ಲಿ ಆದದ್ದೂ ಅಷ್ಟೇ. ಅಲ್ಲಿ ಕಾನೂನು ಪದವಿಯನ್ನು ಮಾನ್ಯ ಮಾಡಿತು, ದಿನದಿನದ ತೀರ್ಮಾನವನ್ನು ಆ ಪದವಿಯಲ್ಲಿರುವವನಿಗೇ ಬಿಟ್ಟಿತು. ಅದೂ 2005ರ ಶಾಂತಿ ಒಪ್ಪಂದದ ನಂತರ ವಿಶೇಷ ಸ್ವಾಯತ್ತತೆ ಪಡೆದ ಪ್ರಾಂತದಲ್ಲಿ. ಗಡಿ, ಕಾಲ, ದಂಡ ಎಲ್ಲವನ್ನೂ ಕಡತಕ್ಕೆ ಸೇರಿಸಿ ಎನ್ನುವುದು ಬೇರೆಯದೇ ಮಾತು.

ಕಾಲವನ್ನೇ ತೆಗೆದುಕೊಳ್ಳಿ. ಲೊಂಪದ ಮರಿ ಒಂದು ವರ್ಷ ತಡವಾಗಿ ಕಾಣಿಸಿದರೆ ಕೆವಾಂಗ್ ನೀರು ನೋಡಿ ದಿನ ಮುಂದೂಡುತ್ತಾನೆ. ನಿಯಮದಲ್ಲಿ ತಿಂಗಳು ಬರೆದಿದ್ದರೆ ಮೀನು ಬಲಿಯಲಿ ಬಿಡಲಿ, ತೆರೆಯಬೇಕು. ತಿದ್ದುಪಡಿಗೆ ಎಲ್ಲಿಗೆ ಓಡಬೇಕು? 2014ರವರೆಗೆ ತೀರದ ಹತ್ತಿರದ ಕಡಲು ಜಿಲ್ಲೆಯ ಕೈಯಲ್ಲಿತ್ತು, ಸೆರಾಮ್ ದ್ವೀಪದ ಮಸೋಹಿಗೆ ಹೋದರೆ ಸಾಕಿತ್ತು. ಆ ವರ್ಷದ 23ನೇ ಕಾನೂನು ಅದನ್ನು ಪ್ರಾಂತಕ್ಕೆ, ಅಂದರೆ ಅಂಬೊನ್‌ಗೆ ಒಯ್ದಿತು. ಹರುಕುವಿನ ಹೊಳೆ ಇದ್ದಲ್ಲೇ ಇದೆ, ಅದರ ಮೇಜು ಮಾತ್ರ ಊರೂರು ತಿರುಗುತ್ತಿದೆ.

ಎಲ್ಲಕ್ಕಿಂತ ನನಗೆ ಭಯವಿರುವುದು ಸಹಿಯ ಬಗ್ಗೆ. ಬರಹವೆಂದ ಮೇಲೆ ಸಹಿ ಹಾಕುವವನೊಬ್ಬ ಬೇಕು. ಸಾಸಿಯ ಫಸಲನ್ನು ಎತ್ತುವ ಹಕ್ಕನ್ನೇ ಹರಾಜು ಹಾಕಿ, ಹೆಚ್ಚು ಕೂಗಿದ ವ್ಯಾಪಾರಿಗೆ ಕೊಡುವ ಪದ್ಧತಿ ಮಲುಕುವಿನ ಕೆಲವು ಊರುಗಳಿಗೆ ಆಗಲೇ ಬಂದಿದೆ. ಕಾಯುವ ಕೆಲಸ ಊರಿನದು, ಮಾಲು ವ್ಯಾಪಾರಿಯದು, ಹಣ ಕಚೇರಿಯದು. ಅಲ್ಲಿ ಇನ್ನೂ ಜನ ಎದ್ದುನಿಂತು ಇದು ನಮ್ಮ ಅಜ್ಜಂದಿರ ಸಾಸಿ, ನಿನ್ನದಲ್ಲ ಎನ್ನಬಹುದು. ಜಿಲ್ಲೆಯ ಮುದ್ರೆ, ಮುಖ್ಯಸ್ಥನ ಸಹಿ ಇರುವ ಕಾಗದವನ್ನು ಅವರ ಮುಂದೆ ಹಿಡಿದರೆ, ವಿಧವೆಯ ಪಾಲಿನ ಲೊಂಪ ಯಾವ ಕಲಮಿನಲ್ಲಿದೆ ಎಂದು ಅವರೇ ಹುಡುಕಬೇಕಾಗುತ್ತದೆ.